ಬಸುರಿಯ ತೂಕದ ಲೆಕ್ಕ

ಮೈಸೂರು ಕಡೆಯ ಒಂದು ಮನೆಯಲ್ಲಿ ಸೀಮಂತ ನಡೆದಿದೆ ಎಂದುಕೊಳ್ಳಿ. ಹಸಿರು ಬಳೆ ತೊಟ್ಟು ಕುಳಿತ ಏಳು ತಿಂಗಳ ಬಸುರಿಯ ಎಲೆಗೆ ಸೋದರತ್ತೆ ಮೂರನೆಯ ಒಬ್ಬಟ್ಟು ಹಾಕಿಸುತ್ತಾರೆ. ‘ಎರಡು ಜೀವ ಕಣೇ, ಬೇಡ ಅನ್ನಬಾರದು. ತುಪ್ಪ ಇನ್ನೂ ಸ್ವಲ್ಪ ಹಾಕಿಸ್ಕೋ.’ ಹುಡುಗಿ ಐದಡಿಗಿಂತ ಎತ್ತರವಿಲ್ಲ. ಗರ್ಭ ನಿಂತಾಗಲೇ 70 ಕಿಲೋ ಇದ್ದಳು. ಈ ಏಳು ತಿಂಗಳಲ್ಲಿ ಇನ್ನೂ 14 ಕಿಲೋ ಏರಿದ್ದಾಳೆ. ನೋಡಿದವರಿಗೆಲ್ಲ ಸಂತೋಷ. ‘ಮೈಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿದ್ದಾಳೆ!’

ಅದೇ ಹೊತ್ತಿಗೆ ಧಾರವಾಡದಾಚೆಯ ಒಂದು ಹಳ್ಳಿಯಲ್ಲಿ, ಅಷ್ಟೇ ಎತ್ತರದ ಇನ್ನೊಬ್ಬ ಹುಡುಗಿಗೂ ಏಳು ತಿಂಗಳು. ಗರ್ಭ ನಿಂತಾಗ ಅವಳಿದ್ದದ್ದು 40 ಕಿಲೋ, ಈಗ 44. ಮನೆಯವರೆಲ್ಲ ಉಂಡ ಮೇಲೆ ತಟ್ಟೆ ಹಿಡಿದು ಕೂತವಳಿಗೆ ಅತ್ತೆ ಹೇಳುತ್ತಾರೆ: ‘ಕೂಸು ದಪ್ಪಾತಂದ್ರ ಹಡಿಯೂದು ಕಷ್ಟ ಆಗ್ತದವಾ. ಹೊಟ್ಟಿ ಬಿರಿಯೂಹಂಗ ಉಣಬ್ಯಾಡ.’

ಎರಡೂ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಎರಡೂ ಕಡೆ ಲೆಕ್ಕ ತಪ್ಪಿದೆ. ಆ ತಪ್ಪಿನ ಫಲ ಹೆರಿಗೆಯ ದಿನಕ್ಕೇ ಮುಗಿಯುವುದಿಲ್ಲ, ಹುಟ್ಟುವ ಮಗುವಿಗೆ ಐವತ್ತು ವರ್ಷ ತುಂಬಿದಾಗಲೂ ಅದರ ಛಾಯೆ ಉಳಿದಿರಬಹುದು ಎಂಬ ಸಂಗತಿ ತಿಳಿದುಬಂದಿರುವುದು ಈಚಿನ ನಲವತ್ತು ವರ್ಷಗಳಲ್ಲಿ. ಹಾಗೆ ತಿಳಿದುಬಂದದ್ದರಲ್ಲಿ ಮೈಸೂರಿನ ಒಂದು ಹಳೆಯ ಆಸ್ಪತ್ರೆಯ ಪಾತ್ರವೂ ಇದೆ.

ಮೊದಲು ಆ ಅತ್ತೆಯ ಮಾತನ್ನು ನೋಡೋಣ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಿಸೇರಿಯನ್ ಕೈಗೆಟುಕದ ಕಾಲದಲ್ಲಿ, ಕೂಸು ಅಡ್ಡಸಿಕ್ಕಿಕೊಂಡು ತಾಯಿ ಮಗು ಇಬ್ಬರೂ ಹೋದದ್ದನ್ನು ಕಣ್ಣಾರೆ ಕಂಡ ತಲೆಮಾರಿನ ಎಚ್ಚರಿಕೆ ಅದು. ಯೂರೋಪಿನ ಡಾಕ್ಟರುಗಳೂ ಇದನ್ನೇ ಹೇಳುತ್ತಿದ್ದರು. 1889ರಲ್ಲಿ ಪ್ರೊಕೋವ್ನಿಕ್ ಎಂಬ ಜರ್ಮನ್ ವೈದ್ಯ, ಸೊಂಟದ ಎಲುಬು ಕಿರಿದಾಗಿರುವ ಹೆಂಗಸರಿಗೆ ಹೆರಿಗೆ ಹಗುರಾಗಲೆಂದು ಕಡಿಮೆ ಊಟದ ಪಥ್ಯವನ್ನೇ ಬರೆದುಕೊಟ್ಟ. ಅಮೆರಿಕದಲ್ಲಂತೂ 1960ರ ದಶಕದವರೆಗೂ ಬಸುರಿ 15ರಿಂದ 20 ಪೌಂಡಿಗಿಂತ, ಅಂದರೆ ಏಳರಿಂದ ಒಂಬತ್ತು ಕಿಲೋಗಿಂತ ಹೆಚ್ಚು ಏರಕೂಡದೆಂದು ವೈದ್ಯರು ಗದರಿಸುತ್ತಿದ್ದರು. ಹೆಚ್ಚು ತೂಕ ಏರಿದರೆ ನಂಜಾಗುತ್ತದೆ, ರಕ್ತದೊತ್ತಡ ಏರಿ ಜೀವಕ್ಕೇ ಬರುತ್ತದೆ ಎಂಬ ಭಯ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1970ರಲ್ಲಿ ವರದಿ ತಂದ ಮೇಲೆಯೇ ಆ ಕಟ್ಟಳೆ ಸಡಿಲವಾದದ್ದು. ತಾಯಂದಿರನ್ನು ಉಪವಾಸ ಕೆಡವಿದರೆ ಕೂಸುಗಳು ಸಣ್ಣಗೆ ಹುಟ್ಟುತ್ತವೆ, ಸಣ್ಣಗೆ ಹುಟ್ಟಿದವು ಹೆಚ್ಚು ಸಾಯುತ್ತವೆ ಎಂಬುದು ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ಧಾರವಾಡದ ಅತ್ತೆ ಹಿಂದುಳಿದಿದ್ದರೆ, ದೊಡ್ಡ ದೊಡ್ಡ ಪದವಿ ಹೊತ್ತವರ ಜೊತೆಯಲ್ಲೇ ಹಿಂದುಳಿದಿದ್ದಾರೆ.

ಏರುವ ತೂಕವೆಲ್ಲ ಎಲ್ಲಿಗೆ ಹೋಗುತ್ತದೆ? ಆರೋಗ್ಯವಂತ ಹೆಂಗಸೊಬ್ಬಳು ಒಂಬತ್ತು ತಿಂಗಳಲ್ಲಿ ಹನ್ನೆರಡು ಕಿಲೋ ಏರಿದಳೆನ್ನಿ. ಅದರಲ್ಲಿ ಮಗುವಿನ ಪಾಲು ಮೂರು, ಮೂರೂವರೆ ಕಿಲೋ ಅಷ್ಟೆ. ಮಾಸು ಅರ್ಧ ಕಿಲೋಗಿಂತ ತುಸು ಹೆಚ್ಚು. ಮಗುವಿನ ಸುತ್ತಲಿನ ನೀರು ಮುಕ್ಕಾಲು ಕಿಲೋ ಮೇಲೆ. ಹಿಗ್ಗಿದ ಗರ್ಭಕೋಶ ಒಂದು ಕಿಲೋ ಹತ್ತಿರ, ಮೊಲೆಗಳು ಸುಮಾರು ಅರ್ಧ. ತಾಯಿಯ ಮೈಯಲ್ಲಿ ಹೊಸದಾಗಿ ಕೂಡುವ ರಕ್ತವೇ ಒಂದೂಕಾಲು ಕಿಲೋ, ಮೈನೀರು ಒಂದೂವರೆ. ಉಳಿದ ಮೂರು ಕಿಲೋಗೂ ಮಿಕ್ಕಿದ್ದು ಕೊಬ್ಬು. ಅದು ದಂಡವಲ್ಲ, ಹೆರಿಗೆಯ ನಂತರ ಹಾಲುಣಿಸಲು ಮೈ ಮುಂಚಿತವಾಗಿ ಮಾಡಿಕೊಳ್ಳುವ ದಾಸ್ತಾನು. ಗಣಿತ ಓದುವ ಮಕ್ಕಳು ಕೂಡಿಸಿ ನೋಡಲಿ, ಲೆಕ್ಕ ಸರಿಹೋಗುತ್ತದೆ.

ಇದೆಲ್ಲ ಒಂದೇ ಸಮನಾಗಿ ಏರುವುದೂ ಇಲ್ಲ. ಮೊದಲ ಮೂರು ತಿಂಗಳು ವಾಂತಿ, ಓಕರಿಕೆಯ ಕಾಲ. ಆಗ ಒಂದೆರಡು ಕಿಲೋ ಏರಿದರೆ ಸಾಕು. ಕೆಲವರು ಒಂದಿಷ್ಟು ಇಳಿಯುವುದೂ ಉಂಟು, ಅದಕ್ಕೆ ಗಾಬರಿ ಬೇಡ. ನಾಲ್ಕನೆಯ ತಿಂಗಳಿಂದ ವಾರಕ್ಕೆ ಸುಮಾರು 400 ಗ್ರಾಂ ಹದವಾದ ಗತಿ. ಕೊನೆಯ ತಿಂಗಳುಗಳಲ್ಲಿ ವಾರವೊಂದರಲ್ಲಿ ಇದ್ದಕ್ಕಿದ್ದಂತೆ ಕಿಲೋಗಟ್ಟಲೆ ಏರಿದರೆ, ಮುಖ ಕೈ ಊದಿಕೊಂಡರೆ, ತಲೆನೋವು ಬಂದು ಕಣ್ಣು ಮಂಜಾದರೆ ಅದು ಊಟದ ಫಲವಲ್ಲ. ಹಿಂದಿನವರು ನಂಜು ಎಂದದ್ದು ಅದನ್ನೇ. ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ಇಡಬಾರದು.

ಎಲ್ಲರೂ ಹನ್ನೆರಡು ಕಿಲೋ ಏರಬೇಕೆ? ಇಲ್ಲ. ಎಷ್ಟು ಏರಬೇಕೆಂಬುದು ಎಲ್ಲಿಂದ ಹೊರಟಿದ್ದೇವೆ ಎಂಬುದರ ಮೇಲೆ ನಿಂತಿದೆ. ತೂಕವನ್ನು ಕಿಲೋಗಳಲ್ಲಿ, ಎತ್ತರವನ್ನು ಮೀಟರುಗಳಲ್ಲಿ ಬರೆದುಕೊಂಡು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರೆ. ಹಳ್ಳಿಯ ಹುಡುಗಿಯ ಎತ್ತರ ಒಂದೂವರೆ ಮೀಟರು, 40ನ್ನು 2.25ರಿಂದ ಭಾಗಿಸಿದರೆ 17.8. ಸೀಮಂತದ ಹುಡುಗಿಯದು 31.1. ಸಂಖ್ಯೆ 18.5ಕ್ಕಿಂತ ಕೆಳಗಿದ್ದರೆ ಸಣಕಲು. 25 ದಾಟಿದರೆ ತೂಕ ಹೆಚ್ಚು, 30 ದಾಟಿದರೆ ಬೊಜ್ಜು. ಏಷ್ಯಾದವರಿಗೆ 23ರಿಂದಲೇ ಎಚ್ಚರಿಕೆ ಬೇಕು ಎನ್ನುವ ತಜ್ಞರೂ ಇದ್ದಾರೆ.

ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ ಸಣಕಲಾದವಳು 12.5ರಿಂದ 18 ಕಿಲೋ ಏರಬೇಕು, ಹದವಾಗಿರುವವಳು 11.5ರಿಂದ 16, ತೂಕ ಹೆಚ್ಚಿರುವವಳು 7ರಿಂದ 11.5, ಬೊಜ್ಜಿರುವವಳು 5ರಿಂದ 9. ನಮ್ಮಲ್ಲಿ ಸಾಮಾನ್ಯವಾಗಿ ವೈದ್ಯರು ಹೇಳುವುದು ಹತ್ತರಿಂದ ಹನ್ನೆರಡು ಕಿಲೋ. ಅಮೆರಿಕದವರ ಅಳತೆ ಇಲ್ಲಿನ ಸಣ್ಣ ಮೈಕಟ್ಟಿಗೆ ಅಕ್ಷರಶಃ ಹೊಂದಬೇಕೆಂದಿಲ್ಲ. ಆದರೆ ಅದರ ತರ್ಕ ಎಲ್ಲಿಯೂ ಒಂದೇ: ತೆಳ್ಳಗಿರುವವಳು ಹೆಚ್ಚು ಏರಬೇಕು, ದಪ್ಪಗಿರುವವಳು ಕಡಿಮೆ. ಮೇಲಿನ ಎರಡು ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ಸರಿಯಾಗಿ ತಿರುಗುಮುರುಗು.

ಇನ್ನು ಮೈಸೂರಿನ ಆಸ್ಪತ್ರೆಯ ಸಂಗತಿ.

ಇದರ ಮೂಲ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿದೆ. ಅಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಹಿರಿಯ ಆರೋಗ್ಯ ಅಧಿಕಾರಿಣಿಯ ಮೇಲ್ವಿಚಾರಣೆಯಲ್ಲಿ ದಾದಿಯರು ಹುಟ್ಟಿದ ಪ್ರತಿ ಮಗುವಿನ ತೂಕ ಬರೆದಿಟ್ಟರು, ವರ್ಷ ತುಂಬಿದಾಗ ಮತ್ತೆ ಮನೆಗೆ ಹೋಗಿ ತೂಗಿ ಬರೆದರು. ಈ ಪುಸ್ತಕಗಳು ಹಲವು ದಶಕ ಯಾರಿಗೂ ಬೇಡದೆ ಬಿದ್ದಿದ್ದವು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ಅವನ್ನು ಹಿಡಿದು, 1911ರಿಂದ 1930ರ ನಡುವೆ ಹುಟ್ಟಿದ 5654 ಗಂಡಸರು ಮುಂದೆ ಏನಾದರೆಂದು ಹುಡುಕಿದ. 1989ರಲ್ಲಿ ಫಲಿತಾಂಶ ಹೊರಬಂತು. ಹುಟ್ಟಿದಾಗ ಮತ್ತು ವರ್ಷ ತುಂಬಿದಾಗ ತೂಕ ಕಡಿಮೆಯಿದ್ದವರಲ್ಲೇ ಹೃದಯದ ಕಾಯಿಲೆಯ ಸಾವು ಹೆಚ್ಚು! ಹೃದ್ರೋಗ ಶ್ರೀಮಂತರ ಕಾಯಿಲೆ, ತಿಂದು ಕೊಬ್ಬಿದವರ ಕಾಯಿಲೆ ಎಂದುಕೊಂಡಿದ್ದವರಿಗೆ ಇದನ್ನು ನಂಬುವುದು ಕಷ್ಟವಾಯಿತು. ಬಡತನವೇ ಎರಡಕ್ಕೂ ಕಾರಣವಿರಬಾರದೇಕೆ ಎಂಬ ವಾದವೂ ಎದ್ದಿತು. ಬೇರೆ ದೇಶದಲ್ಲಿ, ಬೇರೆ ಜನರಲ್ಲಿ ಇದು ನಿಜವಾಗುತ್ತದೆಯೆ ಎಂದು ನೋಡಲೇಬೇಕಾಯಿತು.

ಅದಕ್ಕೆ ಬೇಕಾದದ್ದು ಹಳೆಯ ದಾಖಲೆ. ಅರವತ್ತು ವರ್ಷದ ಹಿಂದೆ ಹುಟ್ಟಿದವರ ತೂಕವನ್ನು ಭಾರತದಲ್ಲಿ ಯಾರು ಬರೆದಿಟ್ಟಿದ್ದರು? ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದು, ಆ ಕಾಗದಗಳನ್ನು ಎಸೆಯದೆ ಇಟ್ಟಿದ್ದರು. ಎಸೆಯದೆ ಇಟ್ಟವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಸೌತಾಂಪ್ಟನ್ನಿನ ಕೆರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ, ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿ ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ 517 ಗಂಡಸರು ಹೆಂಗಸರನ್ನು ಹುಡುಕಿ ತೆಗೆದು ಹೃದಯ ಪರೀಕ್ಷೆ ಮಾಡಿದರು. ಹುಟ್ಟಿದಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ. ಏಳು ಪೌಂಡು ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಈ ಲೆಕ್ಕ 1996ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಮಾತು. ನೂರಕ್ಕೆ 11 ಎಂದರೆ ಉಳಿದ 89 ಮಂದಿ ಸಣ್ಣಗೆ ಹುಟ್ಟಿಯೂ ಆ ಕಾಯಿಲೆಯಿಲ್ಲದೆ ಇದ್ದರು ಎಂದೇ ಅರ್ಥ. ತಾವು ಎರಡು ಕಿಲೋ ಇದ್ದೆವೆಂದು ತಾಯಿಯ ಬಾಯಲ್ಲಿ ಕೇಳಿರುವ ವಿದ್ಯಾರ್ಥಿಗಳು ಎದೆ ಹಿಡಿದುಕೊಳ್ಳಬೇಕಾಗಿಲ್ಲ. ಬೀಡಿ ಸಿಗರೇಟು ಮುಟ್ಟದೆ, ಮೈ ದಂಡಿಸಿ, ತೂಕವನ್ನು ಹಿಡಿತದಲ್ಲಿಟ್ಟರೆ ಅಪಾಯ ತಗ್ಗುತ್ತದೆ. ತಾಯಂದಿರೂ ಇದನ್ನು ಓದಿ ತಮ್ಮ ಮೇಲೆ ತಪ್ಪು ಹೊತ್ತುಕೊಳ್ಳಬಾರದು. ತಟ್ಟೆಗೆ ಏನು ಬೀಳಬೇಕೆಂದು ತೀರ್ಮಾನಿಸುವ ಅಧಿಕಾರ ಎಷ್ಟು ಮಂದಿ ಬಸುರಿಯರಿಗಿತ್ತು?

ಹೀಗೇಕಾಗುತ್ತದೆ ಎಂಬುದಕ್ಕೆ ಬಾರ್ಕರ್ ಕೊಟ್ಟ ವಿವರಣೆ ಇಷ್ಟು. ಗರ್ಭದಲ್ಲಿ ಆಹಾರ ಸಾಲದಾದಾಗ ಕೂಸು ಮಿದುಳನ್ನು ಮೊದಲು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಮಾಂಸಖಂಡಗಳ ಪಾಲಿಗೆ ಕತ್ತರಿ ಬೀಳುತ್ತದೆ. ಅಭಾವಕ್ಕೆ ಹೊಂದಿಕೊಂಡು ಬೆಳೆದ ಮೈ ಹೊರಗೆ ಬಂದ ಮೇಲೆ ಅನುಕೂಲದ ದಿನಗಳನ್ನು ಕಂಡರೆ, ಆ ಸಮೃದ್ಧಿಯನ್ನು ಅರಗಿಸಿಕೊಳ್ಳಲು ಒದ್ದಾಡುತ್ತದೆ.

ಯಾವ ತಿಂಗಳಲ್ಲಿ ಹಸಿವು ಎಂಬುದೂ ಮುಖ್ಯ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಜರ್ಮನರ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗದ ಪಟ್ಟಣಗಳ ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ಹಸಿವಿಗೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಸಿಕ್ಕ ಕೂಸುಗಳು ಸುಮಾರು 300 ಗ್ರಾಂ ಕಡಿಮೆ ತೂಗಿದವು. ಮೊದಲ ತಿಂಗಳುಗಳಲ್ಲಿ ಸಿಕ್ಕವು ಬರಗಾಲ ಮುಗಿದ ಮೇಲೆ ತಾಯಂದಿರು ಉಂಡದ್ದರಿಂದ ಸರಿಯಾದ ತೂಕದಲ್ಲೇ ಹುಟ್ಟಿದವು. ಆದರೆ ದೊಡ್ಡವರಾದ ಮೇಲೆ ಬೊಜ್ಜು, ಹೃದಯದ ಕಾಯಿಲೆ ಹೆಚ್ಚಾಗಿ ಕಂಡದ್ದು ಅವರಲ್ಲೇ. ತಕ್ಕಡಿಯ ಮುಳ್ಳು ಎಲ್ಲವನ್ನೂ ಹೇಳುವುದಿಲ್ಲವೆಂದಾಯಿತು.

ಮೈಸೂರಿನ ದಾಖಲೆಯಿಂದಲೂ ಇಂಥದೇ ಒಂದು ಅಚ್ಚರಿ ಹೊರಟಿತು. ಹೃದಯದ ಕಾಯಿಲೆ ಸಣ್ಣಗೆ ಹುಟ್ಟಿದವರಲ್ಲಿ ಹೆಚ್ಚಾದರೆ, ಸಕ್ಕರೆ ಕಾಯಿಲೆ ಕಂಡದ್ದು ಹುಟ್ಟಿದಾಗ ಗಿಡ್ಡಕ್ಕೆ, ಉದ್ದಕ್ಕೆ ಮೀರಿದ ದಪ್ಪಕ್ಕೆ ಇದ್ದವರಲ್ಲಿ! ಅವರ ತಾಯಂದಿರು ಬಸುರಿಯರಾಗಿದ್ದಾಗ ಹೆಚ್ಚು ತೂಕದವರು. 1998ರಲ್ಲಿ ಇದು ಪ್ರಕಟವಾದಾಗ ಸೀಮಂತದ ಮನೆಯ ಕಡೆಗೂ ಸಂಶೋಧಕರ ದೃಷ್ಟಿ ಹರಿಯಿತು.

ದಪ್ಪಗಿರುವ ಬಸುರಿಗೆ ಗರ್ಭದ ಕಾಲದಲ್ಲೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಆದರೆ ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತನ್ನದೇ ಇನ್ಸುಲಿನ್ನನ್ನು ವಿಪರೀತ ಸುರಿಸುತ್ತದೆ, ಮೈತುಂಬ ಕೊಬ್ಬು ಕಟ್ಟುತ್ತದೆ. ‘ನಾಲ್ಕು ಕಿಲೋ ಕೂಸು!’ ಎಂದು ಪೇಡೆ ಹಂಚುವವರು ಗಮನಿಸಬೇಕಾದದ್ದು ಇದು. ಅಂಥ ಕೂಸಿನ ಭುಜ ಹೆರಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ದಿಢೀರನೆ ಇಳಿದು ಅಪಾಯವಾಗಬಹುದು. 1997–98ರಲ್ಲಿ ಅದೇ ಮೈಸೂರಿನ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಈ ಕಾಯಿಲೆ ಸಿಕ್ಕಿತು. ಅಂಥವರ ಹೆಣ್ಣುಮಕ್ಕಳು ಐದನೆಯ ವಯಸ್ಸಿಗೇ ಓರಗೆಯವರಿಗಿಂತ ಹೆಚ್ಚು ಕೊಬ್ಬು ಹೊತ್ತಿದ್ದರು.

ಪತ್ತೆ ಹಚ್ಚುವುದು ಕಷ್ಟವೇನಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. ನೂರು ಮಿಲಿಲೀಟರಿಗೆ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಮೊದಲ ಭೇಟಿಯಲ್ಲೊಮ್ಮೆ, ಆಗ ಸರಿಯಿದ್ದರೂ 24ರಿಂದ 28ನೇ ವಾರದ ನಡುವೆ ಮತ್ತೊಮ್ಮೆ ಮಾಡಿಸಬೇಕು. ಹೆಚ್ಚಿನವರಿಗೆ ಊಟದ ಹತೋಟಿ, ನಡಿಗೆ ಸಾಕಾಗುತ್ತದೆ. ಹಾಗೆಂದು ಗರ್ಭಿಣಿ ತೂಕ ಇಳಿಸುವ ಉಪವಾಸಕ್ಕೆ ಕೂರಬಾರದು, ಎಷ್ಟೇ ದಪ್ಪಗಿದ್ದರೂ. ಏರುವುದು ನಿಧಾನವಾದರೆ ಸಾಕು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಈ ಕಥೆಗೆ ಇನ್ನೊಂದು ಎಳೆ ಸೇರಿಸಿದರು. 1990ರ ದಶಕದಲ್ಲಿ ಪುಣೆ ಬಳಿಯ ಆರು ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳು ಸರಾಸರಿ 2.7 ಕಿಲೋ ತೂಗಿದರೆ, ಸೌತಾಂಪ್ಟನ್ನಿನವು 3.5 ಕಿಲೋ. ಕಡಿಮೆಯಾದ ಆ 800 ಗ್ರಾಂ ಎಲ್ಲಿ ಹೋಯಿತು? ಮಾಂಸಖಂಡದಲ್ಲಿ ಹೋಗಿತ್ತು, ಹೊಟ್ಟೆಯೊಳಗಿನ ಅಂಗಗಳಲ್ಲಿ ಹೋಗಿತ್ತು. ಚರ್ಮದಡಿಯ ಕೊಬ್ಬು ಮಾತ್ರ ಬಹುಮಟ್ಟಿಗೆ ಹಾಗೇ ಉಳಿದಿತ್ತು. ನೋಡಲು ಸಣಕಲು, ಒಳಗೆ ಕೊಬ್ಬು. ಭಾರತೀಯರಿಗೆ ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಏಕೆ ಬರುತ್ತದೆಂಬ ಒಗಟಿಗೆ ಒಂದು ಉತ್ತರ ತೊಟ್ಟಿಲಲ್ಲೇ ಸಿಕ್ಕಂತಾಯಿತು. ಆ ಹಳ್ಳಿಗಳಲ್ಲಿ ಕೂಸಿನ ಗಾತ್ರ ಹೆಚ್ಚಾಗಿ ಕಂಡದ್ದು ಸೊಪ್ಪು, ಹಣ್ಣು, ಹಾಲು ಹೆಚ್ಚು ಬಳಸಿದ ತಾಯಂದಿರಲ್ಲಿ.

ಹಾಗಾದರೆ ಬಸುರಿಯ ಊಟ ಎಷ್ಟು ಹೆಚ್ಚಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ದಿನಕ್ಕೆ 350 ಕ್ಯಾಲೊರಿ. ಇದು ಇಬ್ಬರ ಊಟವಂತೂ ಅಲ್ಲ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ ಕೂಡಿದರೆ ಅಷ್ಟಾಗುತ್ತದೆ. ಒಬ್ಬಟ್ಟು ಬೇಡವೆಂದಲ್ಲ; ಸೀಮಂತದ ದಿನ ಒಂದು ತಿನ್ನಲಿ ಪಾಪ. ದಿನನಿತ್ಯ ಬೇಕಾದದ್ದು ಬೇಳೆ, ಮೊಳಕೆ ಕಾಳು, ಮೊಟ್ಟೆ, ರಾಗಿ, ನುಗ್ಗೆ ಸೊಪ್ಪು, ದಂಟಿನ ಸೊಪ್ಪು. ಜೊತೆಗೆ ಕಬ್ಬಿಣದ ಮಾತ್ರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇತ್ತು. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಕೂಸು ಕಪ್ಪಗಾಗುವುದಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ‘ಮಾತೃಪೂರ್ಣ’ ಯೋಜನೆ ಬಂದು ಅಂಗನವಾಡಿಯಲ್ಲೇ ಬಸುರಿ ಬಾಣಂತಿಯರಿಗೆ ಬಿಸಿಯೂಟ ಬಡಿಸುವ ಏರ್ಪಾಡಾಯಿತು. ಮನೆಗೆ ಒಯ್ದರೆ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ, ಅಲ್ಲೇ ಕೂತು ಉಂಡರೆ ಅವಳ ಹೊಟ್ಟೆಗೇ ಹೋಗುತ್ತದೆ. ಮನೆಯ ಒಳಗನ್ನು ಬಲ್ಲವರಿಗೇ ಹೊಳೆಯುವ ಯೋಚನೆ ಇದು.

ಆದರೆ ಗರ್ಭ ನಿಂತ ಮೇಲೆ ಎಚ್ಚೆತ್ತರೆ ಸಾಕೆ? ಡಯಾನ್ ಕಾಫಿ ಎಂಬ ಸಂಶೋಧಕಿ 2005ರ ಸುಮಾರಿನ ಸಮೀಕ್ಷೆಗಳನ್ನು ಆಧರಿಸಿ 2015ರಲ್ಲಿ ಬರೆದ ಲೇಖನದ ಪ್ರಕಾರ, ಭಾರತದಲ್ಲಿ ಗರ್ಭ ಧರಿಸುವ ಹೊತ್ತಿಗೇ ನೂರಕ್ಕೆ 42 ಮಂದಿ ಸಣಕಲಾಗಿದ್ದರು. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ದೇಶಗಳಲ್ಲಿ ಹಾಗಿದ್ದವರು 16.5 ಮಾತ್ರ. ಬಸುರಿನಲ್ಲಿ ಭಾರತದವರು ಏರುತ್ತಿದ್ದದ್ದು ಏಳು ಕಿಲೋ. ಆಫ್ರಿಕಾದವರೂ ಹೆಚ್ಚೇನೂ ಏರುತ್ತಿರಲಿಲ್ಲ. ಆದರೆ ಅಲ್ಲಿನ ಹೆಂಗಸರು ಹೊರಡುವಾಗ ಇದ್ದ ತೂಕವನ್ನು ಇಲ್ಲಿನವರು ಒಂಬತ್ತು ತಿಂಗಳು ತುಂಬಿದ ಮೇಲೂ ಮುಟ್ಟುತ್ತಿರಲಿಲ್ಲ.

ಈಚೆಗೆ ಸಣಕಲರ ಸಂಖ್ಯೆ ಇಳಿದಿದೆ. 2005–06ರ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 35.5 ಇದ್ದದ್ದು 2019–21ರಲ್ಲಿ 18.7 ಆಯಿತು. ಸಂತೋಷವೇ. ಆದರೆ ಅದೇ ಅವಧಿಯಲ್ಲಿ ತೂಕ ಹೆಚ್ಚಾದವರು 12.6ರಿಂದ 24ಕ್ಕೇರಿದರು. ಮೊದಲು ಒಂದು ಊರಿಗೆ ಒಂದು ತೊಂದರೆ ಇತ್ತು. ಈಗ ಒಂದೇ ಬೀದಿಯಲ್ಲಿ ಎರಡೂ ಇವೆ.

ಮುಂಬಯಿಯ ಕೊಳೆಗೇರಿಗಳಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಇನ್ನೂ ಗರ್ಭ ನಿಲ್ಲದ ಹೆಂಗಸರಿಗೆ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಪ್ರತಿದಿನ ಕೊಟ್ಟು ಬಂದರು. 2014ರಲ್ಲಿ ಬಂದ ಫಲಿತಾಂಶದಲ್ಲಿ, ಒಟ್ಟಾರೆ ನೋಡಿದರೆ ಕೂಸುಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳಾದರೂ ಮುಂಚೆ ತಿನ್ನಲು ತೊಡಗಿದವರಲ್ಲಿ ಮಾತ್ರ ಸರಾಸರಿ 48 ಗ್ರಾಂ ಹೆಚ್ಚಿತ್ತು. ಅದೂ ತೀರ ಸಣಕಲಾಗಿರದವರಲ್ಲೇ ಹೆಚ್ಚು. ಆದರೆ ಯಾರೂ ಅಷ್ಟಾಗಿ ನಿರೀಕ್ಷಿಸದಿದ್ದ ಇನ್ನೊಂದು ಲಾಭ ಕಂಡಿತು. ಬಸುರಿನ ಸಕ್ಕರೆ ಕಾಯಿಲೆ ಆ ತಿಂಡಿ ತಿಂದವರಲ್ಲಿ ನೂರಕ್ಕೆ 7.3, ತಿನ್ನದವರಲ್ಲಿ 12.4.

ವರ್ಷಗಟ್ಟಲೆ ಆದ ಕೊರತೆಯನ್ನು ಒಂದು ತಿಂಡಿ ತುಂಬಿಕೊಡಲಾರದು. ಕೊನೆಯಲ್ಲಿ ಉಣ್ಣುವ ಹುಡುಗಿ, ಅಣ್ಣನಿಗೆ ಮೊಟ್ಟೆ ಬೇಯಿಸಿ ತನಗೆ ಸಾರನ್ನ ಕಲಸಿಕೊಳ್ಳುವ ಹುಡುಗಿ, ದಪ್ಪಗಾಗುತ್ತೇನೆಂದು ಬೆಳಗಿನ ತಿಂಡಿ ಬಿಟ್ಟು ಕಾಲೇಜಿಗೆ ಓಡಿ ಮಧ್ಯಾಹ್ನ ಪಫ್ಸು ತಿನ್ನುವ ಹುಡುಗಿ, ಮೈ ಇನ್ನೂ ಬೆಳೆಯುತ್ತಿರುವಾಗಲೇ ಹಸೆಮಣೆ ಏರುವ ಹುಡುಗಿ: ಬಸುರಿನ ಲೆಕ್ಕ ಇವರಲ್ಲಿ ಆಗಲೇ ಶುರುವಾಗಿರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವುದೂ ಈ ಲೆಕ್ಕಕ್ಕೇ ಸೇರುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳಿರುವ ತಂದೆತಾಯಿ ವರ್ಷಕ್ಕೊಮ್ಮೆ ಅವಳ ಎತ್ತರ, ತೂಕ ಬರೆದಿಡಬಹುದು. ಪಿ.ಯು.ಸಿ. ಓದುವವಳಾದರೆ ತಾನೇ ಬರೆದುಕೊಂಡಾಳು. ಮದುವೆ ಗೊತ್ತಾದಾಗ ಒಡವೆ ಅಂಗಡಿಗೆ ಹೋಗುವ ದಿನಗಳಲ್ಲೇ ಒಮ್ಮೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಬಂದರೆ ಖರ್ಚೇನೂ ಹೆಚ್ಚದು.

ಹೆರಿಗೆಯಾದ ಮೇಲೆ ಏರಿದ ತೂಕವನ್ನು ಇಳಿಸಲು ಅವಸರ ಬೇಡ. ಹಾಲುಣಿಸುವುದೇ ಒಂದಿಷ್ಟು ಕರಗಿಸುತ್ತದೆ. ಬಾಣಂತನದ ತುಪ್ಪ, ಕೊಬ್ಬರಿ, ಅಂಟಿನ ಉಂಡೆ ಹಳ್ಳಿಯ ಹುಡುಗಿಗೆ ಧಾರಾಳವಾಗಿ ಇರಲಿ. ಸೀಮಂತದ ಹುಡುಗಿಗೆ ಲೆಕ್ಕದಲ್ಲಿರಲಿ. ಬಸುರಿನಲ್ಲಿ ಸಕ್ಕರೆ ಏರಿದ್ದವರು ಆರು ವಾರ ಕಳೆದ ಮೇಲೆ ಮರೆಯದೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಆಮೇಲೂ ಆಗಾಗ್ಗೆ. ಕೂಸಿನ ತೊಟ್ಟಿಲ ಸಂಭ್ರಮದಲ್ಲಿ ತಾಯಿಯ ರಕ್ತ ಪರೀಕ್ಷೆ ಮರೆತುಹೋಗುವುದೇ ಹೆಚ್ಚು.

ಮೈಸೂರಿನಲ್ಲಿ 1997–98ರಲ್ಲಿ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಐದನೆಯ ವಯಸ್ಸಿನ ನಂತರವೂ ಹಲವು ಬಾರಿ ಕರೆಸಿ ತೂಗಿದರು, ಅಳೆದರು, ರಕ್ತ ಪರೀಕ್ಷಿಸಿದರು. ಅವರಿಗೆಲ್ಲ ಈಗ ಇಪ್ಪತ್ತೈದು ದಾಟಿದೆ. ಅಂದು ತಾಯಿಯ ಹೊಟ್ಟೆಯಲ್ಲಿ ಅಳತೆಗೆ ಸಿಕ್ಕಿದ್ದ ಹೆಣ್ಣುಮಕ್ಕಳು, ತಾವೇ ತಾಯಿಯ ಕಾರ್ಡು ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲುವ ವಯಸ್ಸಿಗೆ ಬಂದಿದ್ದಾರೆ.